ಐದು ನಿಮಿಷ ತಡಿ, ಅವ್ವಾ

"ಅತ್ತಿ, ಫೋನಿನಾಗ ಬೇಕಾದಷ್ಟು ಫೋಟೋ ತಗೀಬಹುದಲ್ರಿ. ಈ ಡಬ್ಬಿ ಹಿಂದ ಯಾಕ ಬಿದ್ದೀರಿ?" ಎಂದು ಮೊನ್ನೆ ಸೊಸೆ ಕೇಳಿದಳು. ಅವಳು ಕೇಳಿದ್ದು ತಪ್ಪೇನಲ್ಲ. ಅರವತ್ತು ದಾಟಿದ ಹೆಂಗಸು ಹಳೆಯ ಪೆಟ್ಟಿಗೆ ಕ್ಯಾಮೆರಾವನ್ನು ಮುಂದಿಟ್ಟುಕೊಂಡು, ಉಗುರು ತೆಗೆಯುವ ಕಟರಿನಿಂದ ಪ್ಲಾಸ್ಟಿಕ್ ಉರುಳಿಯ ಅಂಚು ಸವರುತ್ತ ಕುಳಿತರೆ ಯಾರಿಗಾದರೂ ನಗು ಬರುತ್ತದೆ. ನಾನೂ ನಕ್ಕೆ. ಆದರೆ ಉತ್ತರ ಹೇಳಲಾಗಲಿಲ್ಲ. ಅದನ್ನು ಇಲ್ಲಿ ಹೇಳಲು ನೋಡುತ್ತೇನೆ.

ಕ್ಯಾಮೆರಾ ನಮ್ಮ ಅಪ್ಪನದು. ಕೊಡ್ಯಾಕ್ ಕಂಪನಿಯ 'ಸಿಕ್ಸ್-20 ಬ್ರೌನಿ'. ಬಾದಾಮಿಯಲ್ಲಿ ಮಾಸ್ತರರಾಗಿದ್ದಾಗ ಯಾರಿಂದಲೋ ಹಳೆಯದನ್ನು ಕೊಂಡಿದ್ದರು. ರೀಲಿಗೆ ಎಂಟೇ ಫೋಟೋ. ಆ ಎಂಟು ಮುಗಿಯಲು ಒಮ್ಮೊಮ್ಮೆ ವರ್ಷ ಹಿಡಿಯುತ್ತಿತ್ತು. ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ನಾವು ಮೂವರು ಮಕ್ಕಳು, ಗುಡಿಯ ಮುಂದೆ ಸೋದರಮಾವ, ಹಳೇ ಬಾಗಲಕೋಟೆಯ ನಮ್ಮ ಮನೆಯ ಕಟ್ಟೆ. ಆ ಮನೆ ಈಗಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಗುಂಟ ಏರಿ ಬಂದು ತಗ್ಗಿನ ಓಣಿಗಳೆಲ್ಲ ಮುಳುಗಡೆಯಾದವು. ನೀವೂ ಮುಳುಗಡೆಯ ಕಡೆಯವರಾಗಿದ್ದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಸುಕಲ್ಲು ಅಲ್ಲೇ ಉಳಿಯಿತು. ಅವ್ವನ ಟ್ರಂಕಿನಲ್ಲಿ ಕ್ಯಾಮೆರಾ ಮಾತ್ರ ನವನಗರಕ್ಕೆ ಬಂತು. ಅಪ್ಪ ಹೋದ ಮೇಲೆ ಅವ್ವನೂ ಆ ಟ್ರಂಕೂ ನನ್ನ ಮನೆಗೇ ಬಂದರು.

ಅಪ್ಪ ತೆಗೆದ ಫೋಟೋಗಳಲ್ಲಿ ಅವ್ವ ಇಲ್ಲ. ಬಹಳ ದಿನ ನನಗಿದು ಗಮನಕ್ಕೇ ಬಂದಿರಲಿಲ್ಲ. ಈ ಪೆಟ್ಟಿಗೆಗೆ ಬಿಸಿಲು ಬೇಕು. ಒಳಮನೆಯ ಬೆಳಕು ಸಾಲದು. ಬಿಸಿಲಿರುವ ಹೊತ್ತಿನಲ್ಲಿ ಅವ್ವ ಒಲೆಯ ಮುಂದಿರುತ್ತಿದ್ದಳು. "ನೀವು ನಿಲ್ರಿ, ನಾ ಬಂದೆ" ಎನ್ನುತ್ತಿದ್ದಳಂತೆ. ಬರುವಷ್ಟರಲ್ಲಿ ಬಿಸಿಲು ಇಳಿದಿರುತ್ತಿತ್ತು. ಈಗ ಅವಳಿಗೆ ಎಂಬತ್ತೆಂಟು. ಅಪ್ಪನ ಕ್ಯಾಮೆರಾದಿಂದಲೇ ಅವಳದೊಂದು ಫೋಟೋ ತೆಗೆಯಬೇಕೆಂಬ ಹಟ ನನಗೆ ಹತ್ತಿದ್ದು ಹೀಗೆ.

ಕ್ಯಾಮೆರಾಕ್ಕೆ ಏನೂ ಆಗಿಲ್ಲ, ಅದಕ್ಕೆ ಬೇಕಾದ ರೀಲೇ ನಿಂತುಹೋಗಿದೆ. ಅದು 620 ಎಂಬ ರೀಲು. ಕೊಡ್ಯಾಕ್ ಅದನ್ನು 1930ರ ದಶಕದಲ್ಲಿ ತಂದಿತು, 1995ರಲ್ಲಿ ನಿಲ್ಲಿಸಿತು. ಆದರೆ ಒಳಗಿನ ಫಿಲ್ಮೇನೂ ಬೇರೆಯಲ್ಲ. 1901ರಲ್ಲಿ ಬಂದು ಇವತ್ತಿಗೂ ತಯಾರಾಗುತ್ತಿರುವ 120 ರೀಲಿನ ಅಗಲವೂ ಅಷ್ಟೇ, ಬೆನ್ನಿಗಿರುವ ಕಾಗದವೂ ಅಂಥದೇ. ಉರುಳಿಯದಷ್ಟೇ ವ್ಯತ್ಯಾಸ. 620ರ ಉರುಳಿ ಸಪೂರ, ಅದರ ಅಂಚು ಚಿಕ್ಕದು. ಅಕ್ಕಿ ಅದೇ, ಅಳೆಯುವ ಸೇರು ಬೇರೆ. ಆದ್ದರಿಂದ 120 ರೀಲು ತಂದು, ಪೂರ್ಣ ಕತ್ತಲೆಯಲ್ಲಿ ಬಿಚ್ಚಿ, ಮೊದಲು ಒಂದು ಖಾಲಿ ಉರುಳಿಗೆ ಸುತ್ತಿ, ಅಲ್ಲಿಂದ ತಿರುಗಿ 620ರ ಉರುಳಿಗೆ ಸುತ್ತಿದರೆ ಆಯಿತು. ಹಳೆಯ ಕ್ಯಾಮೆರಾ ಮತ್ತೆ ಬಾಯಿ ತೆರೆಯುತ್ತದೆ. ಅದರ ಬೆನ್ನಿನ ಕೆಂಪು ಕಿಟಕಿಗೆ ಮಾತ್ರ ಕರಿ ಟೇಪು ಹಚ್ಚಬೇಕು, ಈಗಿನ ಫಿಲ್ಮಿಗೆ ಕೆಂಪು ಬೆಳಕೂ ತಾಗುತ್ತದೆ.

ಕಂಪನಿ ಮುಗಿಯಿತೆಂದ ವಸ್ತುವನ್ನು ಮುಗಿಯಗೊಡದಿರುವುದು ನಮ್ಮ ಕಡೆಯ ಹೆಂಗಸರಿಗೆ ಹೊಸ ವಿದ್ಯೆಯಲ್ಲ. ಇಳಕಲ್ಲಿನಲ್ಲಿ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಹಾಗೆ ಕೂಡಿಸಿದ ಸೀರೆ ಉಟ್ಟು ಉಟ್ಟು ಸವೆದರೆ ಕೌದಿಯಾಗುತ್ತದೆ. ಕೌದಿ ಹರಿದರೆ ಒರೆಸುವ ಅರಿವೆ. ಮುಗಿಯಿತು ಎನ್ನುವ ಮಾತು ಅವ್ವನ ಬಾಯಲ್ಲಿ ನಾನು ಕೇಳಿಲ್ಲ. ನಾನು ಅವಳ ಮಗಳೇ ಎಂದು ಹೆಮ್ಮೆಪಡುತ್ತ ಬೆಂಗಳೂರಿನಿಂದ ರೀಲು ತರಿಸಿದೆ.

ಒಂದು ರಾತ್ರಿ ಮಗ, ಸೊಸೆ ಹುಬ್ಬಳ್ಳಿಗೆ ಹೋಗಿದ್ದರು. ಅವ್ವ ಮಲಗಿದ್ದಾಳೆಂದು ನಾನು ಕಿಟಕಿಯಿಲ್ಲದ ಸಾಮಾನಿನ ಕೋಣೆ ಸೇರಿದೆ. ಬಾಗಿಲ ಸಂದಿಗೆ ಅವ್ವ ಹೊಲಿದ ಕೌದಿ ತುರುಕಿದೆ. ಫಿಲ್ಮು ಅರ್ಧ ಬಿಚ್ಚಿದೆ. ಆಗ ಅವ್ವ ಕರೆದಳು. "ಐದು ನಿಮಿಷ ತಡಿ, ಅವ್ವಾ" ಎಂದೆ. ಮತ್ತೆ ಕರೆದಳು. ಬಾಗಿಲು ತೆರೆದರೆ ರೀಲು ಹಾಳು. "ಬಂದೆ, ಬಂದೆ" ಎನ್ನುತ್ತ ಸುತ್ತುತ್ತಲೇ ಇದ್ದೆ. ಮೂರನೆಯ ಸಲ ಕರೆಯಲಿಲ್ಲ. ಮಲಗಿದಳು ಎಂದುಕೊಂಡು ಸಮಾಧಾನವಾಯಿತು.

ಹೊರಗೆ ಬಂದಾಗ ಅವ್ವ ನೀರಿನ ಕೊಡದ ಹತ್ತಿರ ನೆಲದ ಮೇಲೆ ಕುಳಿತಿದ್ದಳು. ಬಿದ್ದಿದ್ದಳು. ಮೊಣಕಾಲು ತರಚಿತ್ತು, ಪುಣ್ಯಕ್ಕೆ ಎಲುಬಿಗೆ ಏನೂ ಆಗಿರಲಿಲ್ಲ. ನಾನು ಅಳತೊಡಗಿದಾಗ ಅವಳೇ ನನ್ನ ಬೆನ್ನು ಸವರಿ, "ನೀ ಕೆಲಸದಾಗ ಇದ್ದಿ. ಅದಕ್ಕ ನಾನ ಎದ್ದೆ" ಎಂದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ನನಗೆ ನಿದ್ದೆ ಬರದಿದ್ದುದು ಅದಕ್ಕೇ.

ಅವತ್ತಿನಿಂದ ನನ್ನನ್ನು ನಾನು ಕೇಳಿಕೊಳ್ಳುತ್ತಿದ್ದೇನೆ: ಕತ್ತಲೆಯಲ್ಲಿ ನಾನು ಕಾಯುತ್ತಿದ್ದುದು ಏನನ್ನು? ದುಡ್ಡು ಕೊಟ್ಟರೆ ಇನ್ನೊಂದು ಬರುವ ರೀಲನ್ನು. ಅವ್ವನ ಫೋಟೋಕ್ಕಾಗಿ ತಂದ ರೀಲು ಅವ್ವನಿಗಿಂತ ದೊಡ್ಡದಾದದ್ದು ಯಾವಾಗ?

ನನಗೆ ತೋಚಿದ್ದು ಇಷ್ಟು. ವಸ್ತುವಿಗೆ ನಿಷ್ಠರಾಗಿರುವುದು ಸುಲಭ. ಅದು ಕೇಳಿದ್ದನ್ನೇ ಮತ್ತೆ ಕೇಳುವುದಿಲ್ಲ, ಉಣ್ಣಲು ಬೇಡವೆಂದು ಮುಖ ತಿರುಗಿಸುವುದಿಲ್ಲ. ಸರಿಮಾಡಿದರೆ ಟಿಕ್ಕೆಂದು ಸದ್ದು ಮಾಡಿ ನಮ್ಮನ್ನು ಮೆಚ್ಚಿದಂತೆ ಕಾಣುತ್ತದೆ. ಮುದಿ ಜೀವ ಹಾಗಲ್ಲ. ಅದಕ್ಕೆ ನಿತ್ಯವೂ ನಾವು ಬೇಕು, ಸರಿಮಾಡಿ ಮುಗಿಸುವುದೆಂಬುದಿಲ್ಲ. ಹಳೆಯದನ್ನು ಉಳಿಸುತ್ತಿದ್ದೇನೆಂಬ ಹೆಮ್ಮೆಯಲ್ಲಿ ಅದರ ಕರೆಯಿಂದ ತಪ್ಪಿಸಿಕೊಳ್ಳಲೂಬಹುದು.

ಇನ್ನೊಂದು ಮಾತೂ ಇದೆ. ಲಾಭವಿಲ್ಲವೆಂದು ಕಂಪನಿಯೊಂದು ರೀಲು ನಿಲ್ಲಿಸಿದರೆ ಅದು ಅವರ ವ್ಯಾಪಾರ. ಅದಕ್ಕೆ ನಾವು ಸಿಟ್ಟಾಗುತ್ತೇವೆ. ಆದರೆ ಮನೆಯೊಳಗೆ ನಾವೂ ಸದ್ದಿಲ್ಲದೆ ಹಾಗೇ ನಿಲ್ಲಿಸಿಬಿಟ್ಟಿರುತ್ತೇವೆ. ಸಾರಿಗೆ ಉಪ್ಪು ಸಾಕೇ ಎಂದು ಅವ್ವನನ್ನು ಕೇಳುವುದನ್ನು ನಾನು ಬಿಟ್ಟು ಎಷ್ಟು ದಿನವಾಯಿತು? "ಅವ್ವಗೇನು ತಿಳೀತದ" ಎಂದು ಅವಳೆದುರೇ ಎಷ್ಟು ಸಲ ಅಂದಿದ್ದೇನೆ?

ಬಾಗಿಲು ತೆರೆದಾಗ ಬೆಳಕು ತಾಗಿತೆಂದು ಆ ರೀಲನ್ನು ಬಿಟ್ಟೆ. ಎರಡನೆಯ ರೀಲು ಬಂದಾಗ ಅವ್ವನನ್ನೂ ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಕೌದಿಯ ಮೇಲೆ ಕೂರಿಸಿದೆ. "ನಿಮ್ಮಪ್ಪ ಇದನ್ನ ಮುಟ್ಟಗೊಡ್ತಿರಲಿಲ್ಲ" ಎಂದು ಹುಡುಗಿಯಂತೆ ನಕ್ಕಳು. ನಾನು ಸುತ್ತುತ್ತ ಹೋದೆ, ಅವಳು ಕಾಗದದ ಅಂಚು ಹಿಡಿದಳು. ಫಿಲ್ಮಿನ ಒಂದು ತುದಿಯನ್ನು ಮಾತ್ರ ಕಾಗದಕ್ಕೆ ಅಂಟಿಸಿರುತ್ತಾರೆ. ತಿರುಗಿ ಸುತ್ತುವಾಗ ಅಲ್ಲಿ ಫಿಲ್ಮು ಉಬ್ಬುತ್ತದೆ. ಕತ್ತಲೆಯಲ್ಲಿ ನನ್ನ ಬೆರಳಿಗೆ ಅದು ಸಿಗಲಿಲ್ಲ. "ಇಲ್ಲಿ ಉಬ್ಬೈತಿ ನೋಡು. ಬಿಚ್ಚಿ ಮತ್ತ ಹಚ್ಚು" ಎಂದಳು ಅವ್ವ. ಎಷ್ಟು ಕೌದಿ ಹೊಲಿದ ಬೆರಳುಗಳು ಅವು! ಕಣ್ಣು ಮಂಜಾದರೂ ಅವಕ್ಕೆ ಎಲ್ಲ ತಿಳಿಯುತ್ತಿತ್ತು.

ಫೋಟೋ ತೆಗೆದದ್ದು ಅವಳ ತವರು ಹುನಗುಂದದಲ್ಲಿ, ಅಣ್ಣನ ಮಕ್ಕಳ ಮನೆಯ ಕಟ್ಟೆಯ ಮೇಲೆ, ಹತ್ತು ಗಂಟೆಯ ಬಿಸಿಲಿನಲ್ಲಿ. ತೋಪ ತೆನಿ ಸೆರಗಿನ ಇಳಕಲ್ ಸೀರೆ ಉಟ್ಟಿದ್ದಳು. ಅಲ್ಲಾಡಬೇಡ ಎಂದರೂ ಒಳಗಿನವರಿಗೆ "ಚಹಾ ಇಡ್ರಿ" ಎಂದು ಹೇಳಲು ಮುಖ ತಿರುಗಿಸಿದಳು. ಮುಖ ಕೊಂಚ ಕಲಸಿದೆ. ಮಡಿಲಲ್ಲಿಟ್ಟ ಕೈಗಳು ಮಾತ್ರ ಚೆನ್ನಾಗಿ ಬಂದಿವೆ.

ತೊಳೆಯಲು ಕೊಟ್ಟ ಪರಊರಿನ ಸ್ಟುಡಿಯೋದವರು ಫಿಲ್ಮು ಮರಳಿಸಿದರು, ಉರುಳಿ ಮರಳಿಸಲಿಲ್ಲ. ಖಾಲಿಯೆಂದು ಎಸೆದಿದ್ದರು. ಮನೆಯಲ್ಲಿ 620ರ ಉರುಳಿ ಇದ್ದದ್ದು ಎರಡೇ. ಉಳಿದೊಂದು ಉರುಳಿ ಫಿಲ್ಮು ಎಳೆದುಕೊಳ್ಳುವ ಕಡೆಗೆ ಬೇಕು. ಬಿಚ್ಚುವ ಕಡೆಗೆ 120ರ ಉರುಳಿಯ ಅಂಚನ್ನೇ ಸವರಿ ಕೂರಿಸಬೇಕು. ಸೊಸೆ ನನ್ನನ್ನು ನೋಡಿ ನಕ್ಕದ್ದು ಅದೇ ಹೊತ್ತಿನಲ್ಲಿ.

ಇನ್ನೂ ಅರ್ಧ ಅಂಚು ಸವರುವುದಿದೆ. ಒಳಗಿನಿಂದ ಅವ್ವ ಕರೆಯುತ್ತಿದ್ದಾಳೆ. ಉರುಳಿ ನಾಳೆಗೂ ಇಲ್ಲೇ ಇರುತ್ತದೆ.