ಭಾರ್ಗವನ ಬಾಣವೂ ಮೂಲದ ಪ್ರಶ್ನೆಯೂ

ಈ ನೆಲಕ್ಕೆ ಮೊದಲು ಬಂದವರು ಯಾರು ಎಂಬ ಪ್ರಶ್ನೆ ಮನುಷ್ಯಮಾತ್ರರಿಗೆಲ್ಲ ಸಹಜವಾದುದು. ಗೋಮಂತಕದಲ್ಲಿ ಇದಕ್ಕೆ ಪ್ರಸಿದ್ಧವಾದ ಉತ್ತರ ಪರಶುರಾಮನ ಕಥೆ. ಗೆದ್ದ ಭೂಮಿಯನ್ನೆಲ್ಲ ದಾನಮಾಡಿ, ತನಗೆ ನಿಲ್ಲಲು ಎಡೆಯಿಲ್ಲದಾದ ಭಾರ್ಗವನು ಸಹ್ಯಾದ್ರಿಯ ಮೇಲಿನಿಂದ ಬಾಣವನ್ನೆಸೆದನು. ಸಮುದ್ರರಾಜನು ಹಿಂದೆ ಸರಿದನು. ತೆರವಾದ ನೆಲದಲ್ಲಿ ಭಾರ್ಗವನು ದೂರದಿಂದ ಕರೆತಂದ ಕುಟುಂಬಗಳನ್ನು ನೆಲೆಗೊಳಿಸಿದನು. ಬಾಣ ಬಿದ್ದ ಊರೇ ಸಾಲ್ಸೆಟ್ ತಾಲ್ಲೂಕಿನ ಬಾಣಾವಳಿ ಎಂಬುದು ಜನರ ನಂಬಿಕೆ.

ಇಲ್ಲಿ ಭಾಷೆ ಮಾಡುವ ಕೆಲಸವನ್ನು ಗಮನಿಸಬೇಕು. ಬಾಣಾವಳಿ ಎಂದೊಡನೆ ಸಂಸ್ಕೃತ ಬಲ್ಲವನ ಕಿವಿಗೆ ಬಾಣವೇ ಕೇಳಿಸುತ್ತದೆ. ಬನವಾಸಿಯ ಕಡೆಯ ಕನ್ನಡಿಗನಿಗಾದರೋ ಬನವೂ ಹಳ್ಳಿಯೂ ನೆನಪಾಗಬಹುದು. ಹೆಸರು ಒಂದೇ, ಕಿವಿ ಎರಡಾದುದರಿಂದ ಕಥೆಯೂ ಎರಡಾಗುತ್ತದೆ. ಸಂಗತಿಯಿಂದ ಹೆಸರು ಹುಟ್ಟುವಂತೆ ಹೆಸರಿನಿಂದ ಸಂಗತಿಯೂ ಹುಟ್ಟುವುದುಂಟು.

ಗೋವೆಯನ್ನಾಳಿದ ಕದಂಬರ ವಿಷಯವೂ ಹೀಗೆಯೇ. ಮನೆಯ ಬಳಿ ಬೆಳೆದ ಕದಂಬವೃಕ್ಷದಿಂದ ಕುಲಕ್ಕೆ ಹೆಸರು ಬಂದಿತೆಂದು 5ನೆಯ ಶತಮಾನದ ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ಶತಮಾನಗಳು ಕಳೆದು ಗೋವೆಯ ಕದಂಬರ ಕಾಲಕ್ಕೆ ಬಂದರೆ, ಅದೇ ಮರದ ಬುಡದಲ್ಲಿ ಬಿದ್ದ ಶಿವನ ಬೆವರ ಹನಿಯಿಂದ ಮುಕ್ಕಣ್ಣನಾದ ಮೂಲಪುರುಷನು ಜನಿಸುತ್ತಾನೆ. ಮರ ಬದಲಾಗಲಿಲ್ಲ, ಅರಸುತನ ಬೆಳೆದಂತೆ ಕಥೆಯೂ ಬೆಳೆಯಿತು.

ಆಡುವ ನುಡಿಯಿಂದ ರಕ್ತವನ್ನು ನಿರ್ಣಯಿಸುವುದೂ ಅಷ್ಟೇ ಅಪಾಯಕರ. ಆರ್ಯ ಎಂಬುದು ಭಾಷೆಗೆ ಸಲ್ಲುವ ಮಾತೇ ಹೊರತು ರಕ್ತಕ್ಕೆ ಸಲ್ಲತಕ್ಕದ್ದಲ್ಲವೆಂದು ಪಂಡಿತ ಮ್ಯಾಕ್ಸ್ ಮುಲ್ಲರನೇ 1888ರಲ್ಲಿ ಎಚ್ಚರಿಸಿದನು. ಕೊಂಕಣಿಯನ್ನು ಬ್ರಾಹ್ಮಣನೂ ಆಡುತ್ತಾನೆ, ಕುಣಬಿಯೂ ಆಡುತ್ತಾನೆ, ಕ್ರೈಸ್ತನೂ ಆಡುತ್ತಾನೆ. ಗೋವೆಯಿಂದ ಕರಾವಳಿಗೆ ವಲಸೆಹೋದ ಕುಡುಬಿಯರು ಇಂದಿಗೂ ಮನೆಯಲ್ಲಿ ಕೊಂಕಣಿಯನ್ನೂ ಪೇಟೆಯಲ್ಲಿ ಕನ್ನಡ ತುಳುಗಳನ್ನೂ ಆಡುತ್ತಾರೆ. ಅವರ ಮೂಲವನ್ನು ಯಾವ ನುಡಿಯಿಂದ ಅಳೆಯಬೇಕು?

ಕುಶಾವತಿಯ ದಂಡೆಯ ಉಸ್ಗಾಳಿಮಾಳದಲ್ಲಿ ಜಂಬಿಟ್ಟಿಗೆಯ ಹಾಸಿನ ಮೇಲೆ ಗೂಳಿಗಳನ್ನೂ ಜಿಂಕೆಗಳನ್ನೂ ಸುರುಳಿ ಸುತ್ತಿದ ದೊಡ್ಡದೊಂದು ಚಕ್ರವನ್ನೂ ಕೊರೆದ ಚಿತ್ರಗಳು 1993ರಲ್ಲಿ ವಿದ್ವಾಂಸರ ಗಮನಕ್ಕೆ ಬಂದವು. ಅಕ್ಷರಕ್ಕಿಂತ ಹಿಂದಿನವರಾದ ಆ ಜನ ಯಾವ ನುಡಿಯನ್ನಾಡಿದರೆಂದು ಕಲ್ಲು ಹೇಳುವುದಿಲ್ಲ. ಇನ್ನು ಹುತ್ತದ ರೂಪದಲ್ಲಿ ಪೂಜೆಗೊಳ್ಳುವ ಸಾಂತೇರಿಯ ಗುಡಿಗಳು ಗೋವೆಯ ಹಳ್ಳಿಹಳ್ಳಿಗಳಲ್ಲಿವೆ. ಪುರಾಣದ ದೇವತೆಗಳು ಬಂದಾಗ ಹುತ್ತವನ್ನು ಯಾರೂ ಅಗೆದು ಬಿಸಾಡಲಿಲ್ಲ. ಮಾರ್ದೋಳದಲ್ಲಿ ಮಹಾಲಸೆಯ ಪರಿವಾರದಲ್ಲಿಯೇ ಸಾಂತೇರಿಗೂ ಸ್ಥಾನವಿದೆ.

ಹಾಗಾದರೆ ಪುರಾಣ ಸುಳ್ಳೆ? ಹಾಗೆನ್ನುವುದು ಅವಿವೇಕ. ಪುರಾಣವು ಜಮೀನಿನ ಖಾತೆಪತ್ರವಲ್ಲ. ಅದರಿಂದ ಹಕ್ಕನ್ನು ಸಾಧಿಸಹೊರಟರೆ ಅದು ಸುಳ್ಳಾಗುತ್ತದೆ, ಧರ್ಮವನ್ನು ತಿಳಿಯಹೊರಟರೆ ಸತ್ಯವಾಗುತ್ತದೆ. ಕಡಲನ್ನು ಹಿಂದೆ ಸರಿಸಿದ ಕೆಲಸ ಗೋವೆಯಲ್ಲಿ ಕಣ್ಣೆದುರಿಗೇ ಇದೆ. ಉಪ್ಪುನೀರಿಗೆ ಕಟ್ಟೆ ಹಾಕಿ, ತೂಬಿಗೆ ಬಾಗಿಲಿಟ್ಟು, ಭತ್ತ ಬೆಳೆಯುವ ಖಾಜಣ ಗದ್ದೆಗಳನ್ನು ಗಾಂವಕಾರಿಗಳು ತಲೆಮಾರುಗಳ ಕಾಲ ಕಾಪಾಡಿದರು. ಪಾಳುನೆಲವನ್ನು ಸಾಗುವಳಿಗೆ ತಂದವರೇ ಊರಿನ ಗಾಂವಕಾರರಾದರೆಂದು 1526ರಲ್ಲಿ ಪೋರ್ಚುಗೀಸರು ಬರೆಯಿಸಿದ ಕಟ್ಟುಕಟ್ಟಳೆಗಳ ಲೇಖ್ಯ ಹೇಳುತ್ತದೆ. ಬಾಣದ ಕಥೆಯಲ್ಲಿ ಹೆಸರು ಒಬ್ಬನದು. ಕಟ್ಟೆಗೆ ಮಣ್ಣು ಹೊತ್ತ ಸಾವಿರಾರು ಮಂದಿಗೆ ಕಥೆಯಿಲ್ಲ. ಆದರೂ ಎರಡರ ತಾತ್ಪರ್ಯವೂ ಒಂದೇ: ನೆಲ ಸುಮ್ಮನೆ ದೊರೆತುದಲ್ಲ, ತಪಸ್ಸಿನಿಂದ ಪಡೆದುದು.

ಭಾರ್ಗವನ ಕಥೆಯ ತಿರುಳನ್ನು ಆಸ್ತಿಕರು ಇನ್ನೊಮ್ಮೆ ಆಲೋಚಿಸಬೇಕು. ಅವನು ಸರ್ವಸ್ವವನ್ನೂ ಕೊಟ್ಟು ನೆಲೆಯಿಲ್ಲದೆ ನಿಂತವನು. ಹೊಸ ನೆಲ ದೊರೆತಾಗ ಅದನ್ನು ತಾನು ಅನುಭವಿಸಲಿಲ್ಲ, ಬಂದವರಿಗೆ ಮನೆ ಮಾಡಿಕೊಟ್ಟನು. ಅಂಥವನ ಹೆಸರು ಹೇಳಿಕೊಂಡು, ಘಟ್ಟದಾಚೆಯಿಂದ ಕೂಲಿಗೆ ಬಂದವನನ್ನು ‘ಘಾಂಟಿ’ ಎಂದು ಹೀಗಳೆಯುವವನು, ಭಾರ್ಗವನು ನಿಂತುದೂ ಅದೇ ಘಟ್ಟದ ಮೇಲೆ ಎಂಬುದನ್ನು ಮರೆತವನು. ಹಾಗೆಯೇ, ಕದಂಬರ ಶಾಸನವನ್ನು ತೋರಿಸಿ ಗೋವೆಯೆಲ್ಲ ನಮ್ಮದೆನ್ನುವ ಕನ್ನಡಿಗನೂ ಶಾಸನವನ್ನು ಓದಿದನೇ ಹೊರತು ಅರ್ಥಮಾಡಿಕೊಳ್ಳಲಿಲ್ಲ.

ಮಹಾಲಸೆಯೂ ವೆರ್ಣೆಯವಳೇ. 16ನೆಯ ಶತಮಾನದಲ್ಲಿ ಅಲ್ಲಿನ ದೇವಾಲಯಕ್ಕೆ ಕೇಡು ಬಂದಾಗ ಭಕ್ತರು ಅವಳನ್ನು ಹೊತ್ತು ಹೊಳೆ ದಾಟಿ ಮಾರ್ದೋಳಕ್ಕೆ ಬಂದರು. ದೇವಿಗೇ ವಲಸೆ ತಪ್ಪದಿದ್ದ ನಾಡಿನಲ್ಲಿ, ಅವಳ ಬಾಗಿಲಲ್ಲಿ ನಿಂತು ಮತ್ತೊಬ್ಬನನ್ನು ‘ನೀನು ಎಲ್ಲಿಯವನು?’ ಎಂದು ಕೇಳುವ ಅಧಿಕಾರ ಯಾರಿಗಿದೆ? ಜೀರ್ಣೋದ್ಧಾರವೆಂದರೆ ಗೋಡೆಗೆ ಹೊಸ ಸುಣ್ಣ ಬಳಿಯುವುದು ಮಾತ್ರವಲ್ಲ. ಬಂದವರಿಗೆ ಎಡೆಮಾಡಿಕೊಟ್ಟ ಹಳೆಯ ಧರ್ಮವನ್ನು ಮರಳಿ ಎತ್ತಿನಿಲ್ಲಿಸುವುದೂ ಹೌದು. ಆ ಬುದ್ಧಿಯನ್ನು ಜಗನ್ಮಾತೆ ಎಲ್ಲರಿಗೂ ಕರುಣಿಸಲಿ.