ಕೊಟ್ಟಿಗೆಯ ಲೆಕ್ಕ, ತೊಟ್ಟಿಲ ಲೆಕ್ಕ

ಕರು ಹುಟ್ಟುವುದಕ್ಕೂ ಲೆಕ್ಕಪತ್ರ ವಿದ್ಯೆಯಲ್ಲಿ ಒಂದು ನಿಯಮವಿದೆ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳಲ್ಲಿ 41ನೆಯದು ಬೇಸಾಯ ಮತ್ತು ಪಶುಪಾಲನೆಗೆ ಸಂಬಂಧಿಸಿದ್ದು. ಜೀವವಿರುವ ಪ್ರಾಣಿ, ಗಿಡಗಳನ್ನು ಅದು 'ಜೈವಿಕ ಆಸ್ತಿ' ಎಂದು ಕರೆಯುತ್ತದೆ. ಮಾರುಕಟ್ಟೆಯಲ್ಲಿ ಅದಕ್ಕೆ ಇಂದು ಎಷ್ಟು ಬೆಲೆ ಬರುತ್ತದೋ ಅದರಲ್ಲಿ ಮಾರಾಟದ ಖರ್ಚು ಕಳೆದು, ಉಳಿದದ್ದನ್ನು ಪುಸ್ತಕಕ್ಕೆ ಏರಿಸಬೇಕು. ಕರು ಹುಟ್ಟಿದಾಗ ಲಾಭ ತೋರಿಸಬೇಕಾಗಬಹುದು ಎಂಬ ಉದಾಹರಣೆ ಆ ಮಾನದಂಡದೊಳಗೇ ಇದೆ. ನಾನು ಕೆಲಸ ಮಾಡುವ ಒಮಾನ್‌ನಲ್ಲಿ ಕಂಪನಿಗಳು ಲೆಕ್ಕ ಬರೆಯುವುದು ಇದೇ ಮಾನದಂಡಗಳ ಪ್ರಕಾರ. ಖರ್ಜೂರದ ಮರವೂ ಇದರಿಂದ ಹೊರತಲ್ಲ. 2016ರಿಂದ ಈಚೆಗೆ ವರ್ಷ ವರ್ಷವೂ ಫಲ ಕೊಡುವ ಮರಗಳನ್ನು ಯಂತ್ರ, ಕಟ್ಟಡಗಳ ಸಾಲಿಗೆ ಸೇರಿಸಿ, ಸವಕಳಿ ಹಾಕುತ್ತೇವೆ.

ಗಂಡು ಕರು, ಹೆಣ್ಣು ಕರು ಎಂಬ ಭೇದವನ್ನು ಮಾನದಂಡ ಮಾಡುವುದಿಲ್ಲ, ಮಾರುಕಟ್ಟೆ ಮಾಡುತ್ತದೆ. ಹಾಲಿನ ಫಾರಂನಲ್ಲಿ ಹೆಣ್ಣು ಕರು ನಾಳೆಯ ಹಸು. ಗಂಡು ಕರು ಇವತ್ತಿನಿಂದಲೇ ಖರ್ಚು. ಇಪ್ಪತ್ತು ವರ್ಷಗಳ ವೃತ್ತಿಯಲ್ಲಿ ಇಂತಹ ಅಂಕಿಗಳನ್ನು ನೋಡಿದಾಗ ನನಗೆ ತಪ್ಪೆನಿಸಿಲ್ಲ. ಆದರೆ ಇದೇ ಲೆಕ್ಕ ಕೊಟ್ಟಿಗೆ ದಾಟಿ ಮನೆಯೊಳಗೆ ಬಂದು ತೊಟ್ಟಿಲ ಪಕ್ಕ ನಿಂತರೆ? ಆಧುನಿಕ ವಿಜ್ಞಾನ ಆ ದಾರಿಯನ್ನು ಸುಗಮ ಮಾಡಿಟ್ಟಿದೆ. ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು ಎನ್ನುವುದು ಈ ಬರಹದ ಪ್ರಶ್ನೆ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡಬೇಕು. ಬೇಕಾದದ್ದನ್ನು ಆರಿಸಿ ಬೇಡದ್ದನ್ನು ಬಿಡುವುದೇ ಬೇಸಾಯ. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜ ಹಾಕಿದರೆ ಹೆಚ್ಚುಕಡಿಮೆ ಅರ್ಧ ಗಂಡಾಗುತ್ತವೆ, ಗಂಡು ಹಣ್ಣು ಬಿಡುವುದಿಲ್ಲ. ಅದಕ್ಕೇ ಒಮಾನಿ ರೈತರು ತಲೆತಲಾಂತರದಿಂದ ಬೀಜ ಹಾಕದೆ, ನಾವು ಬಾಳೆಯಲ್ಲಿ ಮಾಡುವ ಹಾಗೆ, ಒಳ್ಳೆಯ ಹೆಣ್ಣು ಮರದ ಬುಡದ ಕಂದನ್ನು ಕಿತ್ತು ನೆಡುತ್ತ ಬಂದಿದ್ದಾರೆ. ತೋಟಕ್ಕೆ ನಾಲ್ಕಾರು ಗಂಡು ಮರ ಇದ್ದರೆ ಸಾಕು. ಅದರ ಹೂವಿನ ಪರಾಗವನ್ನು ಮರ ಹತ್ತಿ ಕೈಯಿಂದಲೇ ಹೆಣ್ಣು ಹೊಂಬಾಳೆಗೆ ಮುಟ್ಟಿಸುತ್ತಾರೆ. ಈಗ ಅಂಗಾಂಶ ಕೃಷಿ ಬಂದು, ಒಂದು ಮರದಿಂದ ಅದರದೇ ಪಡಿಯಚ್ಚಿನಂತಹ ಸಾವಿರಾರು ಸಸಿಗಳು ಪ್ರಯೋಗಾಲಯದಲ್ಲಿ ತಯಾರಾಗುತ್ತವೆ. ಇದನ್ನು ಯಾರೂ ಪಾಪವೆಂದು ಕರೆದಿಲ್ಲ.

ನಮ್ಮ ಮಂಡ್ಯದ ಕಡೆಯೂ ಹಾಗೇ. ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಸಂಕರ ಮಾಡಿ 'ಇಂಡಾಫ್' ತಳಿಗಳನ್ನು ಕೊಟ್ಟರು. ಅವರನ್ನು ರೈತರು ರಾಗಿ ಬ್ರಹ್ಮ ಎಂದು ಕರೆದರು. ಬ್ರಹ್ಮನ ಕೆಲಸಕ್ಕೆ ಕೈಹಾಕಿದ ಎಂದು ಬೈಯಲಿಲ್ಲ, ಬ್ರಹ್ಮ ಎಂದೇ ಹೊಗಳಿದರು. ಆ ರಾಗಿಯ ಮುದ್ದೆ ಉಂಡು ಬೆಳೆದವನು ಕೃಷಿ ವಿಜ್ಞಾನವೇ ಕೆಟ್ಟದ್ದು ಎಂದು ಹೇಳಿದರೆ ಉಂಡ ಮನೆಗೆ ಎರಡು ಬಗೆದಂತೆ.

ಕೊಟ್ಟಿಗೆಗೆ ಬಂದಿರುವ ಹೊಸ ವಿದ್ಯೆ ಲಿಂಗ ನಿರ್ಧಾರಿತ ವೀರ್ಯ. ಹೋರಿಯ ವೀರ್ಯದಲ್ಲಿ ಹೆಣ್ಣು ಕರುವಾಗುವ ವೀರ್ಯಾಣುವಿಗೆ ಗಂಡಾಗುವುದಕ್ಕಿಂತ ಸುಮಾರು ಶೇ 4ರಷ್ಟು ಹೆಚ್ಚು ಡಿಎನ್‌ಎ ಇರುತ್ತದೆ. ಬಣ್ಣ ಹಿಡಿಸಿ ಲೇಸರ್ ಬೆಳಕು ಹಾಯಿಸಿದರೆ ಹೆಚ್ಚು ಇರುವುದು ಹೆಚ್ಚು ಹೊಳೆಯುತ್ತದೆ. ಆ ಹೊಳಪು ನೋಡಿ ಯಂತ್ರ ಎರಡನ್ನೂ ಬೇರೆ ಮಾಡುತ್ತದೆ. ಹೀಗೆ ಬೇರ್ಪಡಿಸಿದ ವೀರ್ಯ ಹಾಕಿಸಿದರೆ ನೂರಕ್ಕೆ ತೊಂಬತ್ತರಷ್ಟು ಹೆಣ್ಣು ಕರುಗಳೇ ಹುಟ್ಟುತ್ತವೆ. ಸರ್ಕಾರ ಸಹಾಯಧನ ಕೊಟ್ಟು ಇದನ್ನು ಪ್ರೋತ್ಸಾಹಿಸುತ್ತಿದೆ.

ನನ್ನ ಮಟ್ಟಿಗೆ ಇದು ಕರುಣೆಯ ಕೆಲಸವೂ ಹೌದು. ಟ್ರ್ಯಾಕ್ಟರ್ ಬಂದ ಮೇಲೆ ಸೀಮೆ ಹಸುವಿನ ಗಂಡು ಕರುವಿಗೆ ಊರಿನಲ್ಲಿ ಕೆಲಸವಿಲ್ಲ. ಅದಕ್ಕೆ ಹಿಣಿಲಿಲ್ಲ, ನೊಗ ನಿಲ್ಲುವುದಿಲ್ಲ. ಕಾನೂನಿನ ಪ್ರಕಾರ ಕಸಾಯಿಖಾನೆಗೂ ಕೊಡುವಂತಿಲ್ಲ. ಡೇರಿಗೆ ಹಾಲು ಹಾಕಿ ಬದುಕುವ ಮನೆಯಲ್ಲಿ ಅದರ ಪಾಲಿನ ಹಾಲು ಮೊದಲ ವಾರದಿಂದಲೇ ಕಡಿಮೆಯಾಗುತ್ತದೆ. ಹಸಿವಿನಿಂದ ಸೊರಗಿ ಸಾಯುವ ಕರುವನ್ನು ನೋಡುವುದಕ್ಕಿಂತ ಅದು ಹುಟ್ಟದೆ ಇರುವುದೇ ಮೇಲು ಎಂದು ರೈತ ಹೇಳಿದರೆ ನಾನು ಎದುರಾಡಲಾರೆ. ಕೋಳಿ ಫಾರಂಗಳ ಕಥೆಯೂ ಇದೇ. ಮೊಟ್ಟೆ ಇಡದ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದನ್ನು ಜರ್ಮನಿ 2022ರ ಆರಂಭದಿಂದ ನಿಷೇಧಿಸಿದೆ; ಅಲ್ಲಿ ಮೊಟ್ಟೆಯಲ್ಲಿದ್ದಾಗಲೇ ಲಿಂಗ ಪತ್ತೆ ಮಾಡುವ ಯಂತ್ರಗಳು ಬಂದಿವೆ.

ಆದರೆ ಕೊಟ್ಟಿಗೆಯ ವಿದ್ಯೆ ಕೊಟ್ಟಿಗೆಯಲ್ಲೇ ನಿಲ್ಲುವುದಿಲ್ಲ. ಪ್ರನಾಳ ಶಿಶುವಿನ ಜನಕ, ನೊಬೆಲ್ ಪಡೆದ ರಾಬರ್ಟ್ ಎಡ್ವರ್ಡ್ಸ್ ಕಾಲೇಜಿಗೆ ಸೇರಿದ್ದು ಕೃಷಿ ಓದಲು. ಮುಂದೆ ಸಂಶೋಧನೆ ಮಾಡಿದ್ದು ಎಡಿನ್‌ಬರೋದ ಪ್ರಾಣಿ ತಳಿ ಸಂಸ್ಥೆಯಲ್ಲಿ. 1996ರಲ್ಲಿ ಡಾಲಿ ಎಂಬ ಕುರಿ ಹುಟ್ಟಿದ್ದು ಅದೇ ಊರಿನ ಹತ್ತಿರದ ಪಶು ಸಂಶೋಧನಾ ಸಂಸ್ಥೆಯಲ್ಲಿ. ವೀರ್ಯ ಬೇರ್ಪಡಿಸುವ ತಂತ್ರವನ್ನು ಕಂಡುಹಿಡಿದದ್ದು ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಪ್ರಯೋಗಾಲಯ, ಜಾನುವಾರುಗಳಿಗಾಗಿ. 1990ರ ದಶಕದಲ್ಲೇ ವರ್ಜೀನಿಯಾದ ಒಂದು ಬಂಜೆತನ ಚಿಕಿತ್ಸಾ ಕೇಂದ್ರ ಅದರ ಪರವಾನಗಿ ಪಡೆದು, 'ಮೈಕ್ರೊಸಾರ್ಟ್' ಎಂಬ ಹೆಸರಿನಲ್ಲಿ ಮನುಷ್ಯರ ಮೇಲೆ ಪ್ರಯೋಗಿಸಿತು.

ಭಾರತದಲ್ಲಿ ಇದಕ್ಕೆ ಅವಕಾಶವಿಲ್ಲ. 1994ರಲ್ಲಿ ಬಂದು 1996ರ ಜನವರಿ 1ರಿಂದ ಜಾರಿಯಾದ ಕಾನೂನು ಹುಟ್ಟುವ ಮಗುವಿನ ಲಿಂಗ ಪತ್ತೆಯನ್ನು ನಿಷೇಧಿಸಿತು. 2003ರ ತಿದ್ದುಪಡಿ, ಗರ್ಭ ಕಟ್ಟುವ ಮೊದಲೇ ಲಿಂಗ ಆರಿಸುವುದನ್ನೂ ಅಪರಾಧವಾಗಿಸಿತು. ಹೀಗಾಗಿ ಒಂದೇ ತಂತ್ರ ಹಸುವಿಗೆ ಬಳಸಿದರೆ ಸಹಾಯಧನ, ಹೆಂಗಸಿಗೆ ಬಳಸಿದರೆ ಜೈಲು. ಕೊಟ್ಟಿಗೆಯಲ್ಲಿ ಹೆಣ್ಣೇ ಬೇಕು, ಮನೆಯಲ್ಲಿ ಗಂಡೇ ಬೇಕು ಎನ್ನುವ ಸಮಾಜಕ್ಕೆ ಇಂತಹ ಎರಡು ಕಾನೂನು ಬೇಕೇ ಬೇಕಾಗಿತ್ತು.

ಕಾನೂನು ಇದ್ದೂ ಏನಾಯಿತು ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಪೊಲೀಸರು ಬಯಲಿಗೆಳೆದ ಹೆಣ್ಣು ಭ್ರೂಣ ಹತ್ಯೆ ಜಾಲದಲ್ಲಿ, ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಮಂಡ್ಯ ತಾಲ್ಲೂಕಿನ ಒಂದು ಆಲೆಮನೆಯಲ್ಲಿ. ಸುಮಾರು 900 ಗರ್ಭಪಾತ ಎಂದು ಪೊಲೀಸರನ್ನು ಉಲ್ಲೇಖಿಸಿ ಪತ್ರಿಕೆಗಳು ಬರೆದವು. ಆಲೆಮನೆ ಎಂದರೆ ಏನೆಂದು ಮಂಡ್ಯದವರಿಗೆ ಹೇಳಬೇಕಿಲ್ಲ. ಅಲ್ಲಿಗೆ ಬಂದವರು ಯಾರೇ ಇರಲಿ, ಒಂದು ಲೋಟ ಕಬ್ಬಿನ ಹಾಲು, ಕೈಯಷ್ಟು ಬಿಸಿ ಬೆಲ್ಲ ಕೊಡದೆ ಕಳಿಸುವುದಿಲ್ಲ. ಯಾರನ್ನೂ ಬರಿಗೈಲಿ ಕಳಿಸದ ಜಾಗದಲ್ಲಿ, ಇನ್ನೂ ಬಾರದವರನ್ನು ವಾಪಸ್ ಕಳಿಸುವ ತೀರ್ಮಾನ ಆಗುತ್ತಿತ್ತು. ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆ 1991ರಲ್ಲಿ 960 ಇದ್ದದ್ದು 2001ರಲ್ಲಿ 946ಕ್ಕೆ ಇಳಿಯಿತು, 2011ರಲ್ಲಿ 948. ಆ ಅಂಕಿಗಳ ಹಿಂದೆ ಇಂತಹ ಎಷ್ಟು ಆಲೆಮನೆಗಳು!

ಇಲ್ಲಿ ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು: ಕೊಟ್ಟಿಗೆಯಲ್ಲಿ ಸರಿಯಾದದ್ದು ಮನೆಯಲ್ಲಿ ಯಾಕೆ ತಪ್ಪು? ಸಾಮಾನ್ಯವಾಗಿ ಎರಡು ಉತ್ತರ ಕೇಳುತ್ತೇವೆ.

ಒಂದು, ಹುಟ್ಟು ದೇವರ ಕೆಲಸ, ಮನುಷ್ಯ ಕೈಹಾಕಬಾರದು ಎನ್ನುವುದು. ಹಾಗಾದರೆ ಮಕ್ಕಳಿಲ್ಲದ ದಂಪತಿಗಳಿಗೆ ಪ್ರನಾಳ ಶಿಶುವೂ ಬೇಡವೇ? ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದಳು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಇನ್ನೊಂದು ಮಗು ಹುಟ್ಟಿತು. ಅವರನ್ನು ಯಾರೂ ನಂಬಲಿಲ್ಲ. ಸರ್ಕಾರ ನೇಮಿಸಿದ ಸಮಿತಿಯೇ ತಳ್ಳಿಹಾಕಿತು. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ವಿಜ್ಞಾನದ ಮೇಲಿನ ಕುರುಡು ಅನುಮಾನವೂ ಜೀವ ತೆಗೆಯಬಲ್ಲದು.

ಎರಡನೆಯ ಉತ್ತರ, ಹೆಣ್ಣು ಕಡಿಮೆಯಾದರೆ ಗಂಡುಮಕ್ಕಳಿಗೆ ಹೆಣ್ಣು ಸಿಗುವುದಿಲ್ಲ ಎನ್ನುವುದು. 2023ರ ಫೆಬ್ರುವರಿಯಲ್ಲಿ ಮದುವೆಯಾಗದ ರೈತ ಯುವಕರು ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ 'ಬ್ರಹ್ಮಚಾರಿಗಳ ಪಾದಯಾತ್ರೆ' ಹೊರಟಾಗ ಎಲ್ಲರೂ ಇದನ್ನೇ ಹೇಳಿದರು. ಆ ಯುವಕರ ನೋವು ನಿಜ. ಆದರೆ ಈ ವಾದ ನನಗೆ ಹಿಡಿಸುವುದಿಲ್ಲ. ಸೊಸೆಯಂದಿರ ದಾಸ್ತಾನು ಕಡಿಮೆಯಾಗುತ್ತದೆ, ಆದ್ದರಿಂದ ಹೆಣ್ಣನ್ನು ಉಳಿಸಿ ಎನ್ನುವುದೂ ಕೊಟ್ಟಿಗೆಯ ಲೆಕ್ಕವೇ. ನಾಳೆ ದಾಸ್ತಾನು ಸಾಕಷ್ಟಾದರೆ ಕೊಲ್ಲಬಹುದೇ?

ನನಗೆ ತೋಚಿದ ಉತ್ತರ ಒಂದು ಲೆಕ್ಕಿಗನ ಉತ್ತರ. ಯಾವುದನ್ನು ಒಂದು ಉಪಯೋಗಕ್ಕಾಗಿ ಇಟ್ಟುಕೊಳ್ಳುತ್ತೇವೋ ಅದಕ್ಕೆ ಮಾತ್ರ ಮೌಲ್ಯ ಕಟ್ಟಬಹುದು. ಹಸುವನ್ನು ಹಾಲಿಗಾಗಿ ಸಾಕುತ್ತೇವೆ. ಎಷ್ಟೇ ಪ್ರೀತಿ ಇದ್ದರೂ ಆ ಮಾತು ಸುಳ್ಳಲ್ಲ. ಮಗುವನ್ನು ಯಾವುದಕ್ಕಾಗಿ ಹೆರುತ್ತೇವೆ? ಇದಕ್ಕೆ ಉತ್ತರ ಹುಡುಕಲು ಹೊರಟ ಕ್ಷಣವೇ ಮಗು ನಮ್ಮ ಪುಸ್ತಕದಲ್ಲಿ ಒಂದು ಬಾಬ್ತು ಆಗುತ್ತದೆ.

ಇಲ್ಲಿ ಮಸ್ಕತ್‌ನಲ್ಲಿ ಪರಿಚಯದ ಒಬ್ಬರು ಒಮ್ಮೆ ನನ್ನ ಬಳಿ ಒಂದು ದರಪಟ್ಟಿ ತಂದರು. ಇಬ್ಬರು ಹೆಣ್ಣುಮಕ್ಕಳು. ಮೂರನೆಯದು ಗಂಡೇ ಆಗುವಂತೆ ಮಾಡಿಕೊಡುವ ಒಂದು ವಿದೇಶಿ ಕ್ಲಿನಿಕ್‌ನ ದರ, ವಿಮಾನ, ಹೋಟೆಲು ಎಲ್ಲ ಸೇರಿಸಿ ಬರೆದಿದ್ದರು. "ಸಾರ್, ಇದಕ್ಕೆ ಲೋನ್ ಮಾಡ್ಬೋದಾ, ಇಲ್ಲ ಊರಿನ ಸೈಟ್ ಮಾರೋದು ವಾಸಿನಾ?" ಎಂದರು. ಯಾಕೆ ಬೇಕು ಎಂದೆ. "ವಯಸ್ಸಾದ್ಮೇಲೆ ನೋಡ್ಕೊಳ್ಳೋಕೆ ಒಬ್ಬ ಬೇಕಲ್ವಾ" ಎಂದರು. ಊರಿನಲ್ಲಿ ಅವರ ತಂದೆ ತಾಯಿಯನ್ನು ಈಗ ನೋಡಿಕೊಳ್ಳುತ್ತಿರುವವರು ಯಾರು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಕ್ಕ" ಎಂದರು. ಆಮೇಲೆ ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಅವರು ಕೆಟ್ಟವರಲ್ಲ. ಆ ಕ್ಲಿನಿಕ್ ಇರುವ ದೇಶದಲ್ಲಿ ಅದು ಅಪರಾಧವೂ ಅಲ್ಲ, ಅಮೆರಿಕದಲ್ಲೂ ಅಲ್ಲ. ಹೊರನಾಡಿನಲ್ಲಿರುವ ನಮಗೆ ಊರಿನ ಕಾನೂನಿನ ಬೇಲಿ ಇಲ್ಲ, ಕೈಯಲ್ಲಿ ಕಾಸಿದೆ. ಬೇಲಿ ಇಲ್ಲದ ಕಡೆ ದನ ಯಾವ ಹೊಲಕ್ಕೆ ನುಗ್ಗುತ್ತದೆ ಎಂದು ನೋಡಿಕೊಳ್ಳಬೇಕಾದವರು ನಾವೇ.

ಹಾಗಾದರೆ ಆಯ್ಕೆಯೇ ತಪ್ಪೇ? ಅಲ್ಲ. ಒಮಾನ್‌ನಲ್ಲಿ ಸಿಕಲ್ ಸೆಲ್, ತಲಸ್ಸೇಮಿಯಾದಂತಹ ಆನುವಂಶಿಕ ರಕ್ತದ ಕಾಯಿಲೆಗಳು ಹೆಚ್ಚು. ತಂದೆ ತಾಯಿ ಇಬ್ಬರಲ್ಲೂ ದೋಷದ ಅಂಶ ಅಡಗಿದ್ದರೆ ಪ್ರತಿ ಗರ್ಭಕ್ಕೂ ನಾಲ್ಕರಲ್ಲಿ ಒಂದರಂತೆ ಕಾಯಿಲೆಯ ಸಾಧ್ಯತೆ. ಅದಕ್ಕೇ ಇಲ್ಲಿ ಮದುವೆಗೆ ಮುನ್ನ ರಕ್ತ ಪರೀಕ್ಷೆಗೆ ಒತ್ತು ಕೊಡುತ್ತಾರೆ. ನಮ್ಮ 1994ರ ಕಾನೂನು ಕೂಡ ಇಂತಹ ಕಾಯಿಲೆಗಳ ಪತ್ತೆಗೆ ಅವಕಾಶ ಬಿಟ್ಟಿದೆ. ಅಲ್ಲಿ ತಂದೆ ತಾಯಿ ಕೇಳುವುದು "ಈ ಮಗು ಎಷ್ಟು ನೋವು ಪಡುತ್ತದೆ?" ಎಂದು. ಆಲೆಮನೆಯಲ್ಲಿ ಕೇಳುವುದು "ಈ ಮಗುವಿನಿಂದ ನಮಗೇನು?" ಎಂದು. ಪರೀಕ್ಷೆ ಒಂದೇ ಇರಬಹುದು, ಪ್ರಶ್ನೆ ಬೇರೆ. ಯಾರ ಸಲುವಾಗಿ ಆರಿಸುತ್ತಿದ್ದೇವೆ ಎನ್ನುವುದೇ ನನ್ನ ಒರೆಗಲ್ಲು.

ಈ ಒರೆಗಲ್ಲು ಎಲ್ಲವನ್ನೂ ಬಗೆಹರಿಸುವುದಿಲ್ಲ. ನೋವಿನ ಹೆಸರಿನಲ್ಲಿ ಸಣ್ಣ ಊನವನ್ನೂ ಬೇಡವೆನ್ನುವ ಕಾಲ ಬರಬಹುದು. 2018ರಲ್ಲಿ ಚೀನಾದ ಹ ಜಿಯಾನ್‌ಕ್ವಿ ಎಂಬ ವಿಜ್ಞಾನಿ ಎಚ್‌ಐವಿ ತಗಲದಿರಲಿ ಎಂದು ಅವಳಿ ಮಕ್ಕಳ ವಂಶವಾಹಿಯನ್ನೇ ತಿದ್ದಿದ್ದಾಗಿ ಘೋಷಿಸಿದ. ಮರುವರ್ಷ ಅವನಿಗೆ ಮೂರು ವರ್ಷ ಜೈಲಾಯಿತು. ಆ ಮಕ್ಕಳಿಗೆ ಆ ಅಪಾಯದ ಅಗತ್ಯವಿರಲಿಲ್ಲ; ಸೋಂಕು ತಡೆಯಲು ಸುರಕ್ಷಿತ ದಾರಿಗಳು ಆಗಲೇ ಇದ್ದವು. ಲಾಭ ಯಾರದು, ಅಪಾಯ ಯಾರದು ಎಂದು ಎರಡು ಕಲಂ ಎಳೆದು ಬರೆದರೆ ಇಂತಹ ಸಾಹಸಗಳ ಬಣ್ಣ ಬಯಲಾಗುತ್ತದೆ.

ಒಮಾನ್‌ನ ಹಳ್ಳಿಗಳಲ್ಲಿ ನೆಲದಡಿಯ ನೀರನ್ನು ಕಾಲುವೆಯಲ್ಲಿ ಹರಿಸುವ 'ಫಲಜ್' ಎಂಬ ಹಳೆಯ ವ್ಯವಸ್ಥೆ ಇದೆ. ನಿಜ್ವಾದ ಫಲಜ್ ದಾರಿಸ್ ಸೇರಿ ಐದು ಫಲಜ್‌ಗಳು 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿ ನೀರನ್ನು ಹೊತ್ತಿನ ಲೆಕ್ಕದಲ್ಲಿ ಹಂಚುತ್ತಾರೆ. ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಪಾಲು ಅಳೆಯುತ್ತಿದ್ದರು. ಪಾಲುಗಳನ್ನು ಮಾರುತ್ತಾರೆ, ಕೊಳ್ಳುತ್ತಾರೆ, ಹರಾಜು ಹಾಕುತ್ತಾರೆ, ಎಲ್ಲಕ್ಕೂ ಪುಸ್ತಕವಿದೆ. ಆದರೆ ಕಾಲುವೆ ಊರು ಮುಟ್ಟುವ ಮೊದಲ ಜಾಗದಲ್ಲಿ ಕುಡಿಯುವ ನೀರು. ಅದನ್ನು ಯಾರು ಬೇಕಾದರೂ ತುಂಬಿಕೊಳ್ಳಬಹುದು. ಅದಕ್ಕೆ ಪಾಲಿಲ್ಲ, ಬೆಲೆಯಿಲ್ಲ. ಹನಿ ಹನಿಗೂ ಲೆಕ್ಕ ಇಡುವ ಮರುಭೂಮಿಯ ಜನ, ಲೆಕ್ಕ ಶುರುವಾಗುವ ಮೊದಲೇ ಇಷ್ಟನ್ನು ತೆಗೆದಿಟ್ಟರು.

ವಿಜ್ಞಾನದ ಕಾಲುವೆಯೂ ಹೀಗೆ ಹರಿಯಲಿ. ಹೊಲಕ್ಕೆ, ತೋಟಕ್ಕೆ, ಕೊಟ್ಟಿಗೆಗೆ ಧಾರಾಳವಾಗಿ ಬರಲಿ. ಅಲ್ಲಿ ಲಾಭ ನಷ್ಟ ನೋಡೋಣ, ಮೂಕ ಪ್ರಾಣಿಯ ಹಸಿವನ್ನೂ ಖರ್ಚಿನ ಕಡೆ ಬರೆಯೋಣ. ತೊಟ್ಟಿಲಿಗೆ ಮಾತ್ರ ಪುಟ ತೆರೆಯುವುದು ಬೇಡ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಮ್ಮವರು ನಗೆಯಾಡುತ್ತಾರೆ. ಅಂದವನ್ನು, ಉಪಯೋಗವನ್ನು, ಗಂಡು ಹೆಣ್ಣನ್ನು ನೋಡದೆ ಮುದ್ದು ಮಾಡುವ ಆ ಪಕ್ಷಪಾತವನ್ನು ಯಾವ ಮಾನದಂಡವೂ ಒಪ್ಪಲಾರದು. ಹುಟ್ಟುವ ಪ್ರತಿ ಮಗುವಿಗೂ ಸಲ್ಲಬೇಕಾದದ್ದು ಅದೇ.