ಹಾಲಿಲ್ಲದ ಪೂಜೆ ದೇವರಿಗೆ ಒಪ್ಪಿಗೆಯೇ?

ಪ್ರಶ್ನೆ: ಮಗಳ ಜೊತೆ ಕೂತು ‘ಫೋರ್ಕ್ಸ್ ಓವರ್ ನೈವ್ಸ್’ ಎಂಬ ಸಾಕ್ಷ್ಯಚಿತ್ರ ನೋಡಿದೆ. ಅಂದಿನಿಂದ ಅವಳು ಹಾಲು, ಮೊಸರು, ತುಪ್ಪ ಮುಟ್ಟುತ್ತಿಲ್ಲ. ಪಂಚಾಮೃತ ಕೊಟ್ಟರೂ ‘ಬೇಡಮ್ಮ’ ಅಂತಾಳೆ. ನನಗೂ ಹಾಲು ಬಿಡೋಣ ಅನ್ನಿಸಿದೆ. ಹಾಲಿಲ್ಲದೆ ಪೂಜೆ ಮಾಡಿದರೆ ಲೋಪವೆ? ಪ್ರಸಾದ ಬೇಡವೆಂದರೆ ದೋಷವೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತಾಯೀ, ನಿಮ್ಮ ಪತ್ರದಲ್ಲಿ ಊಟದ ಪ್ರಶ್ನೆ, ಪೂಜೆಯ ಪ್ರಶ್ನೆ ಎರಡೂ ಬೆರೆತಿವೆ. ಬಿಡಿಸಿ ನೋಡೋಣ.

2011ರ ಆ ಅಮೆರಿಕನ್ ಚಿತ್ರ ಮಾತಾಡುವುದು ಆರೋಗ್ಯದ ಬಗ್ಗೆ. ಮಾಂಸ, ಮೊಟ್ಟೆ, ಹಾಲು ಬಿಟ್ಟು ಧಾನ್ಯ, ಕಾಳು, ತರಕಾರಿ, ಹಣ್ಣು ತಿಂದರೆ ಹೃದ್ರೋಗ, ಸಕ್ಕರೆ ಕಾಯಿಲೆಗಳನ್ನು ತಡೆಯಬಹುದು ಎನ್ನುವುದು ಅದರ ವಾದ. ಕಾಳು, ಸೊಪ್ಪು ಒಳ್ಳೆಯದೆಂಬುದರಲ್ಲಿ ತಕರಾರಿಲ್ಲ. ಆದರೆ ಮಾಂಸ, ಮೊಟ್ಟೆ ತಿನ್ನದ ನಮ್ಮ ಮನೆಗಳಲ್ಲಿ ಬಿ12 ಜೀವಸತ್ವ ಸಿಗುವುದು ಮುಖ್ಯವಾಗಿ ಹಾಲು-ಮೊಸರಿನಿಂದ. ಅದನ್ನೂ ಬಿಡುವುದಾದರೆ ವೈದ್ಯರನ್ನು ಕೇಳಿ ಬೇರೆ ವ್ಯವಸ್ಥೆ ಮಾಡಿಕೊಳ್ಳಿ.

ಇನ್ನು ಪೂಜೆ. ಹಾಲು ಬಿಟ್ಟರೆ ಅಪಚಾರವೆಂದು ಹೆದರಬೇಡಿ. ಮಾಧ್ವರ ಚಾತುರ್ಮಾಸ್ಯ ವ್ರತ ನೋಡಿ. ಮೊದಲ ತಿಂಗಳು ತರಕಾರಿ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯ ಬಿಡುತ್ತಾರೆ. ಕ್ಷೀರವ್ರತದ ತಿಂಗಳು ಹಾಲು ಊಟಕ್ಕೂ ಇಲ್ಲ, ನೈವೇದ್ಯಕ್ಕೂ ಇಲ್ಲ. ಅಲ್ಲಿ ಮೊದಲು ಬಿಡುವುದು ತರಕಾರಿಯನ್ನೇ! ಅಂದರೆ ಯಾವುದು ಮೇಲು, ಯಾವುದು ಕೀಳು ಎಂಬ ತೀರ್ಪಲ್ಲ ಅದು. ನಾಲಿಗೆಗೆ ಹಾಕುವ ಕಡಿವಾಣ.

ಆದರೆ ಒಂದು ಸೂಕ್ಷ್ಮವಿದೆ. ವಿಧಿಸಿದ ದ್ರವ್ಯ ಸಿಗದಿದ್ದಾಗ ಅದರ ಬದಲಿಗೆ ಪ್ರತಿನಿಧಿ ದ್ರವ್ಯ ಬಳಸಲು ಮೀಮಾಂಸಾಶಾಸ್ತ್ರ ಒಪ್ಪುತ್ತದೆ. ವಸ್ತ್ರವಿಲ್ಲದಿದ್ದರೆ ಅಕ್ಷತೆ ಹಾಕುತ್ತೇವಲ್ಲ, ಹಾಗೆ. ಇದು ‘ಇಲ್ಲ’ ಎಂದಾಗಿನ ಮಾತು, ‘ಬೇಡ’ ಎಂದಾಗಿನದಲ್ಲ. ಹಾಗಾದರೆ ಬೇಡವೆಂದು ಬಿಟ್ಟವರ ಗತಿಯೇನು?

ರಾಮಾಯಣದಲ್ಲಿ ಇದಕ್ಕೆ ದಾರಿ ಇದೆ. ಚಿತ್ರಕೂಟದಲ್ಲಿ ತಂದೆಯ ಮರಣವಾರ್ತೆ ಕೇಳಿದ ಶ್ರೀರಾಮ ದಶರಥ ಮಹಾರಾಜನಿಗೆ ಪಿಂಡವಿಟ್ಟದ್ದು ಯಾವುದರಿಂದ? ಇಂಗುದಿಯ ಹಿಂಡಿಗೆ ಬೋರೆಹಣ್ಣು ಬೆರೆಸಿ. ಕಾಡಿನಲ್ಲಿ ತಾನು ಉಣ್ಣುತ್ತಿದ್ದುದೂ ಅಂಥದ್ದನ್ನೇ. ಮನುಷ್ಯ ಏನನ್ನು ಉಣ್ಣುತ್ತಾನೋ ಅವನ ದೇವತೆಗಳಿಗೂ ಅದೇ ಅನ್ನ ಎಂಬ ಭಾವ ಅಲ್ಲಿದೆ. ನಿಮ್ಮ ಮನೆಗೆ ಹಾಲು ಬರುವುದೇ ನಿಂತಿದ್ದರೆ, ಆಗ ನಿಮ್ಮ ‘ಬೇಡ’ ನಿಜವಾದ ‘ಇಲ್ಲ’ ಆಗುತ್ತದೆ. ಎಳನೀರಿನ ಅಭಿಷೇಕ ಮಾಡಿ. ಎಳ್ಳೆಣ್ಣೆಯ ದೀಪ ಹಚ್ಚಿ. ಬೆಲ್ಲ, ಕಾಯಿಹಾಲಿನ ಪಾಯಸ ನೈವೇದ್ಯ ಮಾಡಿ. ಲೋಪವಿಲ್ಲ. ಆದರೆ ಬೆಳಗಿನ ಕಾಫಿಗೆ ಹಾಲು ಬೇಕು, ದೇವರಿಗೆ ಮಾತ್ರ ಬೇಡ ಅಂದರೆ ಅದು ವ್ರತವಲ್ಲ, ವಿತ್ತಶಾಠ್ಯ.

ಇದು ನಿತ್ಯಪೂಜೆಯ ಮಾತು. ಫಲ ಬಯಸಿ ಮಾಡುವ ಕಾಮ್ಯಕರ್ಮದಲ್ಲಿ ಅಂಗಗಳೆಲ್ಲ ಪೂರ್ತಿ ಇರಬೇಕೆನ್ನುತ್ತದೆ ಶಾಸ್ತ್ರ. ಇಷ್ಟಾರ್ಥಕ್ಕಾಗಿ ಸತ್ಯನಾರಾಯಣ ವ್ರತ ಹಿಡಿದರೆ ಸಪಾದಭಕ್ಷ್ಯಕ್ಕೆ ಹಾಲು, ತುಪ್ಪ ಬೇಕಾಗುತ್ತದೆ. ಸಂಕಲ್ಪಕ್ಕೆ ಮುಂಚೆಯೇ ಪುರೋಹಿತರನ್ನು ಕೇಳಿಕೊಳ್ಳಿ.

ಮಗಳ ವಿಷಯ: ತಾತ್ಸಾರದಿಂದ ಪ್ರಸಾದ ಬೇಡವೆನ್ನುವುದು ಬೇರೆ, ನಿಯಮಕ್ಕಾಗಿ ಬೇಡವೆನ್ನುವುದು ಬೇರೆ. ಏಕಾದಶಿಯಂದು ಅನ್ನ ಒಲ್ಲೆ ಅಂದವರ ಮೇಲೆ ನಾವು ಕೋಪ ಮಾಡಿಕೊಳ್ತೇವಾ? ಅವಳಿಗೆ ತುಳಸಿತೀರ್ಥ, ಹೂವು, ಬಾಳೆಹಣ್ಣು ಕೊಡಿ. ಮಗಳಿಗೂ ಒಂದು ಮಾತು ಹೇಳಿ: ವ್ರತ ಹಿಡಿದವರದು, ಅಮ್ಮನ ಬಟ್ಟಲಲ್ಲಿ ತಪ್ಪು ಹುಡುಕುವುದು ವ್ರತದ ಭಾಗವಲ್ಲ.

ನೀವೂ ಹಾಲು ಬಿಡುವುದಾದರೆ ಮೊದಲು ನಿಮ್ಮ ಲೋಟದಿಂದ ಬಿಡಿ. ದೇವರ ಬಟ್ಟಲ ಪ್ರಶ್ನೆ ಆಮೇಲೆ ತಾನಾಗಿಯೇ ಬಗೆಹರಿಯುತ್ತದೆ.